ಗಡಿಯಾಚೆ ನಡೆದ ಕೃತ್ಯ, ಗಡಿಯೀಚೆಯ ಫಿರ್ಯಾದು

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಗಡಿಭಾಗದ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ನಮ್ಮೂರಿನ 23 ವರ್ಷದ ಯುವತಿಯೊಬ್ಬಳು ಆಂಧ್ರದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ಹನ್ನೊಂದು ದಿನಗಳ ಹಿಂದೆ ಕಾರ್ಖಾನೆಯ ವ್ಯಾನಿನ ಚಾಲಕನೇ ದಾರಿಯಲ್ಲಿ ಅವಳ ಮೇಲೆ ಅತ್ಯಾಚಾರ ಎಸಗಿದ್ದಾನೆ. ಐದನೇ ದಿನ ಅವಳು ನನ್ನಲ್ಲಿ ಹೇಳಿಕೊಂಡಳು. ಠಾಣೆಗೆ ಹೋದರೆ ‘ಘಟನೆ ಆಂಧ್ರದಲ್ಲಿ ನಡೆದಿದೆ, ಅಲ್ಲಿಗೇ ಹೋಗಿ’ ಎಂದರು. ಆಸ್ಪತ್ರೆಗೆ ಹೋದರೆ ‘ಪೊಲೀಸರ ಪತ್ರ ತನ್ನಿ’ ಎಂದರು. ಊರ ಹಿರಿಯರು ಮೂರು ಲಕ್ಷ ರೂಪಾಯಿ ಕೊಡಿಸಿ ಮುಗಿಸೋಣ ಎನ್ನುತ್ತಿದ್ದಾರೆ. ಮನೆಯವರಿಗೆ ಮಗಳ ಹೆಸರು ಪೇಪರಿಗೆ ಬರುತ್ತದೆಂಬ ಭಯ. ನಿರ್ಭಯಾ ಪ್ರಕರಣದ ನಂತರ ಸರ್ಕಾರ ಕಠಿಣ ಕಾನೂನು ತಂದಿದೆ ಎಂದು ಕೇಳುತ್ತಲೇ ಇದ್ದೇವೆ. ಆ ಕಾನೂನು ಈ ಹುಡುಗಿಗೆ ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. 2012ರ ಡಿಸೆಂಬರ್ 16ರ ದೆಹಲಿಯ ಘಟನೆಯ ನಂತರ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿ 2013ರ ಜನವರಿ 23ರಂದು ವರದಿ ಕೊಟ್ಟಿತು, ಅದರ ಬೆನ್ನಿಗೇ ಅಪರಾಧ ಕಾನೂನುಗಳಿಗೆ 2013ರ ತಿದ್ದುಪಡಿ ಕಾಯ್ದೆ ಬಂತು. ಆಗ ಎಲ್ಲರ ಬಾಯಲ್ಲಿ ಇದ್ದದ್ದು ಗಲ್ಲುಶಿಕ್ಷೆಯ ಮಾತು. ಅತ್ಯಾಚಾರಕ್ಕೆ ಗಲ್ಲು ಬೇಡವೆಂದೇ ವರ್ಮಾ ಸಮಿತಿ ಹೇಳಿತ್ತೆಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ತುಮಕೂರಿನ ನ್ಯಾಯಾಲಯಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಂಥ ಮೊಕದ್ದಮೆಗಳನ್ನು ನಡೆಸಿರುವ ನನಗೆ ಆ ತಿದ್ದುಪಡಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಚರ್ಚಿಸದ ಎರಡು ಸಣ್ಣ ಕಲಮುಗಳು. ಅತ್ಯಾಚಾರದ ಫಿರ್ಯಾದನ್ನು ದಾಖಲಿಸದ ಅಧಿಕಾರಿಗೆ ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ, ಸಂತ್ರಸ್ತೆಗೆ ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸಜೆ ಅಥವಾ ದಂಡ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 199 ಮತ್ತು 200ನೇ ಕಲಮುಗಳಾಗಿ ಮುಂದುವರಿದಿವೆ. ನಿಮ್ಮ ಹುಡುಗಿಗೆ ಕಾನೂನು ಸಿಗಬೇಕಾದದ್ದು ಠಾಣೆಯ ಬರವಣಿಗೆಯ ಮೇಜಿನಲ್ಲಿ, ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ. ನೀವು ಹೋದ ಎರಡು ಕಡೆಯೂ ಬಾಯಿಮಾತಿನಲ್ಲಿ ಕಳುಹಿಸಿದ್ದಾರೆ. ಈ ಸಲ ಕಾಗದ ಹಿಡಿದು ಹೋಗಬೇಕು.

ಅದಕ್ಕೂ ಮೊದಲು ಒಂದು ಮಾತು. ಅವಳಿಗೆ 23 ವರ್ಷ. ಫಿರ್ಯಾದು ಕೊಡಬೇಕೇ ಬೇಡವೇ ಎಂಬ ತೀರ್ಮಾನ ಅವಳದು. ಅಪ್ಪನದಲ್ಲ, ಅಣ್ಣನದಲ್ಲ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಹದಿನೆಂಟು ತುಂಬದ ಹುಡುಗಿಯಾಗಿದ್ದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ನೀವೇ ಪೊಲೀಸರಿಗೆ ತಿಳಿಸಬೇಕಿತ್ತು, ತಿಳಿಸದಿದ್ದರೆ ಅದು ನಿಮ್ಮ ಅಪರಾಧವಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಮುಂದೆ ಬರೆಯುವುದನ್ನೆಲ್ಲ ಅವಳಿಗೆ ಓದಿ ಹೇಳಿ, ಅವಳು ಹೂಂ ಎಂದ ಮೇಲೆಯೇ ಹೆಜ್ಜೆ ಇಡಿ.

ಠಾಣೆಯ ವಿಷಯ. ಬಹುಪಾಲು ಸುತ್ತಲೂ ಆಂಧ್ರದ ನೆಲವೇ ಇರುವ ಪಾವಗಡದಂಥ ತಾಲ್ಲೂಕಿನಲ್ಲಿ ‘ಆ ಕಡೆ ಹೋಗಿ’ ಎಂಬ ಮಾತು ಹೊಸದೇನಲ್ಲ. ಆ ಕಡೆಯವರೂ ‘ನಿಮ್ಮ ಕಡೆ ಹೋಗಿ’ ಎನ್ನುವುದುಂಟು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಈ ಮಾತಿಗೆ ಜಾಗವನ್ನೇ ಉಳಿಸಿಲ್ಲ. ಅಪರಾಧ ಯಾವ ಪ್ರದೇಶದಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು, ಠಾಣೆ ಅದನ್ನು ದಾಖಲಿಸಲೇಬೇಕು ಎಂದು ಅದು ಹೇಳುತ್ತದೆ. ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಮೊದಲು ಸುತ್ತೋಲೆಗಳಲ್ಲಿ ಮಾತ್ರ ಇದ್ದ ಈ ಪದ್ಧತಿ ಈಗ ಕಾಯ್ದೆಯ ಪಠ್ಯದೊಳಗೇ ಬಂದಿದೆ. ಇಲ್ಲಿ ಸೊನ್ನೆ ಸಂಖ್ಯೆಯಲ್ಲಿ ದಾಖಲಾದದ್ದು ಆಮೇಲೆ ಆಂಧ್ರದ ಸಂಬಂಧಪಟ್ಟ ಠಾಣೆಗೆ ವರ್ಗವಾಗಿ ಅಲ್ಲಿ ಕ್ರಮಸಂಖ್ಯೆ ಪಡೆಯುತ್ತದೆ. ಹಾಗೆ ವರ್ಗಾಯಿಸುವುದು ಪೊಲೀಸರ ಕೆಲಸ, ಅದಕ್ಕಾಗಿ ಹುಡುಗಿ ಬಸ್ಸು ಹತ್ತಬೇಕಾಗಿಲ್ಲ. ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬರೆದದ್ದರ ಪ್ರತಿಯನ್ನು ಅಲ್ಲಿಯೇ, ಉಚಿತವಾಗಿ, ಅವಳ ಕೈಗೆ ಕೊಡಬೇಕು. ಠಾಣೆಗೆ ಹೋಗಲು ಹಿಂಜರಿಕೆಯಿದ್ದರೆ ಇ-ಮೇಲ್ ಮೂಲಕವೂ ಕಳುಹಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕಾಗುತ್ತದೆ.

ನಮ್ಮ ಕಡೆಯ ಠಾಣೆಗಳಲ್ಲಿ ಎರಡು ಹಳೆಯ ಅಭ್ಯಾಸಗಳಿವೆ, ಅವುಗಳ ಬಗ್ಗೆ ಎಚ್ಚರವಿರಲಿ. ಒಂದು, ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟು ಕಳುಹಿಸುವುದು. ಮೊಹರು ಬಿದ್ದ ಆ ಚೀಟಿ ನೋಡಿದವರು ಕೇಸಾಯಿತು ಎಂದುಕೊಂಡು ಮನೆಗೆ ಬರುತ್ತಾರೆ. ವಾಸ್ತವದಲ್ಲಿ ಏನೂ ಆಗಿರುವುದಿಲ್ಲ. ಇನ್ನೊಂದು, ಆರೋಪಿಯನ್ನು ಕರೆಸಿ ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವುದು. ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಇಂಥ ಅಪರಾಧದಲ್ಲಿ ಮುಚ್ಚಳಿಕೆಗೂ ಅವಕಾಶವಿಲ್ಲ, ‘ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತೇವೆ’ ಎನ್ನುವುದಕ್ಕೂ ಅವಕಾಶವಿಲ್ಲ. ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಕೈಗೆ ಬರಬೇಕಾದದ್ದು ಪ್ರಥಮ ವರ್ತಮಾನ ವರದಿಯ ಪ್ರತಿ. ಅದರಲ್ಲಿ ನ್ಯಾಯ ಸಂಹಿತೆಯ 64ನೇ ಕಲಂ, ಅಂದರೆ ಅತ್ಯಾಚಾರದ ಕಲಂ, ಬರೆದಿದೆಯೇ ಎಂದು ನೋಡಿಕೊಳ್ಳಿ. 74ನೇ ಕಲಮನ್ನಷ್ಟೇ, ಅಂದರೆ ಮಾನಭಂಗದ ಉದ್ದೇಶದ ಬಲಪ್ರಯೋಗವನ್ನಷ್ಟೇ, ಹಾಕಿ ಮೊಕದ್ದಮೆಯನ್ನು ಹಗುರ ಮಾಡಿದ್ದನ್ನು ನಾನು ನೋಡಿದ್ದೇನೆ.

ಮತ್ತೆ ನಿರಾಕರಿಸಿದರೆ ವಾದಕ್ಕೆ ನಿಲ್ಲಬೇಡಿ. ಅದೇ ಫಿರ್ಯಾದನ್ನು ತುಮಕೂರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಠಾಣೆಗೆ ಹೋಗಿದ್ದ ದಿನ, ವೇಳೆ, ಅಲ್ಲಿ ಹೇಳಿದ ಮಾತು ಇಷ್ಟನ್ನು ಅದರಲ್ಲಿ ಬರೆಯಿರಿ, ಅಂಚೆಯ ರಸೀದಿ ಜೋಪಾನ ಮಾಡಿ. ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಲು ಆ ರಸೀದಿಯೇ ಆಧಾರ. ನನ್ನ ಅನುಭವದಲ್ಲಿ 199ನೇ ಕಲಮನ್ನು ಫಿರ್ಯಾದಿನ ಕೊನೆಯ ಸಾಲಿನಲ್ಲಿ ವಿನಯದಿಂದಲೇ ಉಲ್ಲೇಖಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಲ್ಲಿಗೇ ಮುಗಿದು ಕಂಪ್ಯೂಟರ್ ಆನ್ ಆಗುತ್ತದೆ.

ಠಾಣೆಯೆಂದರೆ ಹೆಣ್ಣುಮಕ್ಕಳಿಗೆ ಇರುವ ಭಯವನ್ನು ಅಜ್ಞಾನ ಎಂದು ನಾನು ತಳ್ಳಿಹಾಕುವುದಿಲ್ಲ. 2025ರ ಜನವರಿಯಲ್ಲಿ, ದೂರು ಹೇಳಿಕೊಳ್ಳಲು ಬಂದ ಮಹಿಳೆಯೊಂದಿಗೆ ಕಚೇರಿಯಲ್ಲೇ ಅನುಚಿತವಾಗಿ ವರ್ತಿಸಿದ ಆರೋಪದ ಮೇಲೆ ಮಧುಗಿರಿಯ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರೇ ಅಮಾನತುಗೊಂಡು ಬಂಧನಕ್ಕೊಳಗಾದದ್ದು ನಿಮಗೂ ನೆನಪಿರಬಹುದು. ವಿಡಿಯೊ ಹರಿದಾಡಿದ ಮೇಲೆ ಇಲಾಖೆ ಚುರುಕಾಗಿ ನಡೆದುಕೊಂಡಿತು ಎಂಬುದು ನಿಜ. ವಿಡಿಯೊ ಇಲ್ಲದಿದ್ದರೆ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಆದ್ದರಿಂದ ಅವಳನ್ನು ಒಬ್ಬಳನ್ನೇ ಕಳುಹಿಸಬೇಡಿ. ತನಿಖೆಯ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ, ಮಹಿಳಾ ಅಧಿಕಾರಿಯಿಂದ, ಹತ್ತಿರದವರ ಅಥವಾ ಸಾಮಾಜಿಕ ಕಾರ್ಯಕರ್ತೆಯ ಎದುರಿನಲ್ಲಿ ಬರೆಸಿಕೊಳ್ಳುವ ಹಕ್ಕು ಸುರಕ್ಷಾ ಸಂಹಿತೆಯ 176ನೇ ಕಲಮಿನಲ್ಲಿದೆ.

ಇನ್ನು ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ. ಇದಕ್ಕೆ ನಮ್ಮ ಜಿಲ್ಲೆಯ ನಂಟಿದೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆ ಪೊಲೀಸರ ಮೊಕದ್ದಮೆಯೊಂದು ಸುಪ್ರೀಂ ಕೋರ್ಟ್‌ವರೆಗೆ ಹೋದಾಗ, 2014ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಜ್ಞಾನಸುಧಾ ಮಿಶ್ರಾ ಮತ್ತು ವಿ. ಗೋಪಾಲಗೌಡ ಅವರ ಪೀಠ ದೇಶದ ಎಲ್ಲ ಠಾಣೆಗಳಿಗೂ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಅತ್ಯಾಚಾರದ ಮಾಹಿತಿ ಬಂದ ಕೂಡಲೇ ತನಿಖಾಧಿಕಾರಿ ಸಂತ್ರಸ್ತೆಯನ್ನು ಮ್ಯಾಜಿಸ್ಟ್ರೇಟರ ಬಳಿಗೆ, ಸಾಧ್ಯವಾದಷ್ಟು ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೆ, ಕರೆದೊಯ್ಯಬೇಕು. ಮಾಹಿತಿ ತಿಳಿದ ವೇಳೆ, ಕರೆದೊಯ್ದ ವೇಳೆ ಎರಡನ್ನೂ ಬರೆದಿಡಬೇಕು. ನಡುವೆ 24 ಗಂಟೆ ಮೀರಿದರೆ ಕಾರಣವನ್ನು ಕೇಸ್ ಡೈರಿಯಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರಿಗೆ ಪ್ರತಿ ಕೊಡಬೇಕು. ದೋಷಾರೋಪಣ ಪಟ್ಟಿ ಸಲ್ಲಿಕೆಯಾಗುವವರೆಗೆ ಆ ಹೇಳಿಕೆಯ ವಿಷಯವನ್ನು ಯಾರಿಗೂ ಬಿಟ್ಟುಕೊಡಬಾರದು. ತೆಂಗಿನ ಸೀಮೆಯ ಹೋಬಳಿ ಊರೊಂದರ ಹೆಸರು ಹೊತ್ತ ಈ ತೀರ್ಪನ್ನು ದೇಶದ ಬೇರೆ ಬೇರೆ ಕಡೆಯ ವಕೀಲರು ಉದ್ಧರಿಸುತ್ತಾರೆ. ನಮ್ಮ ಜಿಲ್ಲೆಯಲ್ಲೇ ಅದನ್ನು ನೆನಪಿಸಬೇಕಾಗಿ ಬರುವುದು ನನಗೆ ಮುಜುಗರದ ಸಂಗತಿ. ಗಡಿಯ ತಾಲ್ಲೂಕಿನವರಿಗೆ ಹೊಸ ಸಂಹಿತೆಯಲ್ಲಿ ಇನ್ನೊಂದು ಅನುಕೂಲವಿದೆ: ಮಾಹಿತಿ ದಾಖಲಾದ ಜಿಲ್ಲೆಯ ಯಾವುದೇ ಮ್ಯಾಜಿಸ್ಟ್ರೇಟರು, ಮೊಕದ್ದಮೆ ತಮ್ಮ ವ್ಯಾಪ್ತಿಗೆ ಸೇರದಿದ್ದರೂ, ಹೇಳಿಕೆ ದಾಖಲಿಸಿಕೊಳ್ಳಬಹುದು ಎಂದು ಸುರಕ್ಷಾ ಸಂಹಿತೆಯ 183ನೇ ಕಲಂ ಹೇಳುತ್ತದೆ. ಪಾವಗಡದಲ್ಲಿ ಝೀರೋ ಎಫ್‌ಐಆರ್ ಆದರೆ ಅವಳ ಹೇಳಿಕೆಯೂ ತುಮಕೂರು ಜಿಲ್ಲೆಯಲ್ಲೇ ಆಗಬಹುದು. ಫಿರ್ಯಾದಿನಲ್ಲೇ ಈ ಕೋರಿಕೆಯನ್ನು ಬರೆಯಿರಿ.

ಆಸ್ಪತ್ರೆಯವರು ‘ಪೊಲೀಸರ ಪತ್ರ’ ಕೇಳಿದ್ದು ಶುದ್ಧ ತಪ್ಪು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರಕ್ಕೊಳಗಾದವರಿಗೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸುವ ಹೊಣೆಯೂ ಆಸ್ಪತ್ರೆಯದೇ ಎಂದು ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಅವಳು ಪೊಲೀಸರಿಗೆ ಹೇಳಿಕೆ ಕೊಡದಿರಲು ನಿರ್ಧರಿಸಿದರೂ ಚಿಕಿತ್ಸೆ ನಿಲ್ಲುವಂತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಹಂತಕ್ಕೂ ಅವಳ ಒಪ್ಪಿಗೆ ಬೇಕು, ಕೆಲವಕ್ಕೆ ಒಪ್ಪಿ ಕೆಲವಕ್ಕೆ ಬೇಡವೆನ್ನಲೂ ಬಹುದು. ಯೋನಿಯೊಳಗೆ ಬೆರಳಿಟ್ಟು ಹಿಂದೆ ಲೈಂಗಿಕ ಸಂಪರ್ಕವಿತ್ತೇ ಎಂದು ಊಹಿಸುವ ಎರಡು ಬೆರಳಿನ ಪರೀಕ್ಷೆಯನ್ನು ಯಾವ ವೈದ್ಯರೂ ಮಾಡುವಂತಿಲ್ಲ. ಮಾಡಿದರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಸ್ಪಷ್ಟವಾಗಿ ಹೇಳಿದೆ.

ಹನ್ನೊಂದು ದಿನವಾಗಿದೆ ಎಂಬುದು ನಿಮ್ಮನ್ನು ಕಾಡುತ್ತಿರಬಹುದು. ದೇಹದಿಂದ ತೆಗೆಯುವ ಮಾದರಿಗಳಿಗೆ ಸಾಮಾನ್ಯವಾಗಿ 96 ಗಂಟೆಗಳ ಮಿತಿಯಿದೆ, ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಅವೆರಡೂ ಅವಧಿ ಮುಗಿದಿವೆ, ಈ ನಷ್ಟವನ್ನು ಮುಚ್ಚಿಡುವುದಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಒಳಗೆ ಕರೆದಿದ್ದರೂ ಅವೆರಡು ಸಿಗುತ್ತಿರಲಿಲ್ಲ, ಆದರೆ ಉಳಿದ ಚಿಕಿತ್ಸೆಗೆ ಇಷ್ಟು ತಡವಾಗುತ್ತಿರಲಿಲ್ಲ. ಈಗಲೂ ಗಾಯದ ಗುರುತು, ಸೋಂಕಿನ ತಪಾಸಣೆ, ಗರ್ಭಪರೀಕ್ಷೆ, ಮಾನಸಿಕ ಆಪ್ತಸಮಾಲೋಚನೆ ಇವೆಲ್ಲ ಆಗಬೇಕು. ಮುಟ್ಟು ತಪ್ಪಿದರೆ ವಾರ ಕಳೆಯುವುದನ್ನು ಕಾಯಬೇಡಿ; ಅವಳು ವಯಸ್ಕಳಾದ್ದರಿಂದ ಗರ್ಭಪಾತಕ್ಕೆ ಅವಳ ಒಪ್ಪಿಗೆಯೊಂದೇ ಸಾಕು, 2021ರ ತಿದ್ದುಪಡಿಯ ನಂತರ ಅತ್ಯಾಚಾರದ ಪ್ರಕರಣಗಳಲ್ಲಿ 24 ವಾರಗಳವರೆಗೆ ಅವಕಾಶವಿದೆ.

ಬಟ್ಟೆಯ ವಿಷಯದಲ್ಲಿ ಒಂದು ಹಳೆಯ ನೆನಪು. ಹಲವು ವರ್ಷಗಳ ಹಿಂದಿನ ಮೊಕದ್ದಮೆಯೊಂದರಲ್ಲಿ ತಾಯಿಯೊಬ್ಬರು ಮಗಳ ಲಂಗವನ್ನು ಪೊಲೀಸರಿಗೆ ಒಪ್ಪಿಸಲು ತಂದಿದ್ದರು. ನೀಟಾಗಿ ಒಗೆದು, ನೀಲಿ ಹಾಕಿ, ಮಡಿಕೆ ಕೆಡದಂತೆ ಬಟ್ಟೆ ಅಂಗಡಿಯ ಚೀಲದಲ್ಲಿಟ್ಟಿದ್ದರು. ‘ಯಾಕಮ್ಮಾ ಒಗೆದಿರಿ’ ಎಂದು ಕೇಳಿದರೆ, ‘ಸಾಹೇಬ್ರ ಮುಂದೆ ಗಲೀಜು ಬಟ್ಟೆ ಎಂಗಮ್ಮ ಇಡಾದು’ ಎಂದರು. ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಹುಡುಗಿಯ ಆ ದಿನದ ಬಟ್ಟೆ ಇನ್ನೂ ಒಗೆಯದೆ ಉಳಿದಿದ್ದರೆ ದಿನಗಳು ಕಳೆದಿದ್ದರೂ ಅದು ಸಾಕ್ಷ್ಯವೇ. ತೇವವಿದ್ದರೆ ನೆರಳಲ್ಲಿ ಆರಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಸ್ಟು ಹಿಡಿದು ಹಾಳಾಗುತ್ತದಾದ್ದರಿಂದ ಕಾಗದದಲ್ಲಿ ಸುತ್ತಿ, ತನಿಖಾಧಿಕಾರಿಗೆ ಕೊಡುವಾಗ ಮಹಜರಿನಲ್ಲಿ ನಮೂದಾಗಿದೆಯೇ ನೋಡಿ. ಒಗೆದಾಗಿದ್ದರೆ ಒಗೆದಾಗಿದೆ ಎಂದೇ ಹೇಳಿ. ದೈಹಿಕ ಪ್ರತಿರೋಧ ಒಡ್ಡದಿದ್ದ ಮಾತ್ರಕ್ಕೆ ಅದು ಒಪ್ಪಿಗೆಯಲ್ಲ ಎಂದು ನ್ಯಾಯ ಸಂಹಿತೆಯ 63ನೇ ಕಲಮಿನ ವಿವರಣೆಯಲ್ಲೇ ಇದೆ. ಫಿರ್ಯಾದು ತಡವಾಗುವುದಕ್ಕೆ ಕುಟುಂಬದ ಮಾನದ ಅಂಜಿಕೆ ಕಾರಣವಾಗಿರಬಹುದು, ನಂಬಲರ್ಹವಾದ ಸಂತ್ರಸ್ತೆಯ ಮಾತೊಂದೇ ಶಿಕ್ಷೆಗೆ ಸಾಕು ಎಂದು ಸುಪ್ರೀಂ ಕೋರ್ಟ್ 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ತಡವಾದದ್ದಕ್ಕೆ ನಿಜವಾದ ಕಾರಣವನ್ನು ಫಿರ್ಯಾದಿನಲ್ಲಿ ಎರಡು ಸಾಲು ಬರೆದರೆ ಸಾಕು; ಕಥೆ ಕಟ್ಟಬೇಡಿ, ಪಾಟೀಸವಾಲಿನಲ್ಲಿ ಕಟ್ಟಿದ ಕಥೆಯೇ ಮೊದಲು ಬೀಳುವುದು.

ಊರ ಹಿರಿಯರ ಮೂರು ಲಕ್ಷಕ್ಕೆ ಬರೋಣ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ. ಅರಳಿಕಟ್ಟೆಯಲ್ಲಿ ಬರೆದ ಕರಾರಿಗೆ ನ್ಯಾಯಾಲಯದಲ್ಲಿ ಕಿಮ್ಮತ್ತಿಲ್ಲ. ಅಪರಾಧ ಮುಚ್ಚಿಡಲು ಹಣ ಕೊಡುವುದೂ ಪಡೆಯುವುದೂ ಪ್ರತ್ಯೇಕ ಅಪರಾಧಗಳು, ಅಂದರೆ ನಾಳೆ ಸಿಕ್ಕಿಹಾಕಿಕೊಳ್ಳುವವರಲ್ಲಿ ಹುಡುಗಿಯ ತಂದೆಯೂ ಇರಬಹುದು. ಇದನ್ನು ಅವರಿಗೆ ಸಮಾಧಾನದಿಂದ ತಿಳಿಸಿ. ಜೊತೆಗೆ ಇನ್ನೊಂದು ಲೆಕ್ಕವನ್ನೂ ಹೇಳಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಪರಿಹಾರ ಯೋಜನೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ ನಾಲ್ಕು ಲಕ್ಷ, ಗರಿಷ್ಠ ಏಳು ಲಕ್ಷ ರೂಪಾಯಿ ನಿಗದಿಯಾಗಿದೆ. ಹಿರಿಯರು ಕಟ್ಟಿದ ಬೆಲೆ ಸರ್ಕಾರದ ಕನಿಷ್ಠ ಪರಿಹಾರಕ್ಕಿಂತಲೂ ಕಡಿಮೆ. ಈ ಪರಿಹಾರಕ್ಕೆ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲ. ಎಫ್‌ಐಆರ್ ಪ್ರತಿಯೊಂದಿಗೆ ಅರ್ಜಿ ಹಾಕಿ ಮಧ್ಯಂತರ ನೆರವು ಕೇಳಬಹುದು. ಘಟನೆ ಆಂಧ್ರದಲ್ಲಿ ನಡೆದಿರುವುದರಿಂದ ಅರ್ಜಿ ಆ ಕಡೆಯ ಪ್ರಾಧಿಕಾರಕ್ಕೆ ಹೋಗಬೇಕಾಗುತ್ತದೆ, ಆದರೆ ಅದನ್ನು ಬರೆಸಿ ಕಳುಹಿಸಲು ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ನೆರವನ್ನೇ ಪಡೆಯಿರಿ. ವಕೀಲರನ್ನು ಉಚಿತವಾಗಿ ಪಡೆಯುವುದಕ್ಕೆ ಹೆಣ್ಣುಮಗಳಿಗೆ ಆದಾಯದ ಮಿತಿಯೂ ಇಲ್ಲ, ಸಹಾಯವಾಣಿ 15100.

ನೀವು ಯುವತಿಯ ಜಾತಿ ಬರೆದಿಲ್ಲ, ನಾನು ಕೇಳಲೇಬೇಕು. ಅವಳು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿದ್ದು ಆರೋಪಿ ಆ ವರ್ಗಗಳಿಗೆ ಸೇರದವನಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಎಫ್‌ಐಆರ್‌ನಲ್ಲಿ ಸೇರಿಸಬೇಕು. ಆಗ ತನಿಖೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯದಾಗುತ್ತದೆ, 2016ರ ನಿಯಮಗಳಂತೆ ಐದು ಲಕ್ಷ ರೂಪಾಯಿ ಪರಿಹಾರದಲ್ಲಿ ಅರ್ಧ ವೈದ್ಯಕೀಯ ವರದಿಯ ಹಂತದಲ್ಲೇ ಬರಬೇಕು. ಇದನ್ನು ಫಿರ್ಯಾದಿನಲ್ಲಿ ಬಿಟ್ಟು ಆಮೇಲೆ ಸೇರಿಸಲು ತಿಂಗಳುಗಟ್ಟಲೆ ಅಲೆದವರಿದ್ದಾರೆ. ಕಾರ್ಖಾನೆ ಒದಗಿಸಿದ ವಾಹನವೂ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳವೇ ಆಗಿರುವುದರಿಂದ ಮೂರು ತಿಂಗಳೊಳಗೆ ಕಾರ್ಖಾನೆಯ ಆಂತರಿಕ ಸಮಿತಿಗೂ ದೂರು ಕೊಡಬಹುದು. ಅದು ಪೊಲೀಸ್ ಕೇಸಿಗೆ ಬದಲಿಯಲ್ಲ, ಆದರೆ ಅವಳ ಕೆಲಸ ಉಳಿಯುವುದಕ್ಕೆ ಆಸರೆ.

ಹೆಸರು ಹೊರಬೀಳುವ ಭಯಕ್ಕೆ ಉತ್ತರ ನ್ಯಾಯ ಸಂಹಿತೆಯ 72ನೇ ಕಲಂ. ಸಂತ್ರಸ್ತೆಯ ಹೆಸರನ್ನಾಗಲಿ ಗುರುತು ಹತ್ತುವ ವಿವರವನ್ನಾಗಲಿ ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಸಜೆಯಿದೆ. ಊರಿನ ವಾಟ್ಸ್‌ಆ್ಯಪ್ ಗುಂಪೂ ಇದರಿಂದ ಹೊರತಲ್ಲ. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತದೆ. ಅವಳ ಹಿಂದಿನ ನಡತೆಯ ಬಗ್ಗೆ ಪ್ರಶ್ನೆ ಕೇಳುವುದಕ್ಕೆ ನಿರ್ಬಂಧವಿದೆ. ಆದರೆ ಹಳ್ಳಿಯಲ್ಲಿ ಪೊಲೀಸ್ ಜೀಪು ಮನೆ ಮುಂದೆ ನಿಂತರೆ ಮುಗಿಯಿತು, ಯಾವ ಕಲಮೂ ಆ ಸುದ್ದಿಯನ್ನು ತಡೆಯಲಾರದು. ಹೀಗಾಗಿ ಹೇಳಿಕೆಗೆ ತುಮಕೂರಿನ ಸಖಿ ಕೇಂದ್ರವನ್ನು ಸ್ಥಳವಾಗಿ ಆರಿಸಿಕೊಳ್ಳುವುದು ಒಳ್ಳೆಯದು. ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ಸಲಹೆ, ಕೆಲವು ದಿನಗಳ ವಸತಿ ಒಂದೇ ಕಡೆ ಸಿಗಲೆಂದು 2015ರಲ್ಲಿ ಆರಂಭವಾದ ಯೋಜನೆ ಅದು. 181ಕ್ಕೆ ಕರೆ ಮಾಡಿದರೆ ಸಂಪರ್ಕ ಸಿಗುತ್ತದೆ. ಪಾವಗಡದಿಂದ ತುಮಕೂರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಜಿಲ್ಲಾ ಕೇಂದ್ರದಲ್ಲಿ ಒಂದು ಕೇಂದ್ರ ತೆರೆದು ಹತ್ತು ತಾಲ್ಲೂಕುಗಳಿಗೆ ಸಾಕೆಂದುಕೊಂಡವರು ಈ ದಾರಿಯಲ್ಲಿ ಬಸ್ಸು ಹತ್ತಿದವರಲ್ಲ ಎಂದು ನನಗೆ ಅನ್ನಿಸುವುದುಂಟು. ಶಿಕ್ಷೆ ಹೆಚ್ಚಿಸಲು ಗೆಜೆಟಿನಲ್ಲಿ ಒಂದು ಸಾಲು ಸಾಕು; ತಾಲ್ಲೂಕಿಗೊಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್, ರಾತ್ರಿಯೂ ಇರುವ ವೈದ್ಯೆ, ಬೇಗ ವರದಿ ಕೊಡುವ ಪ್ರಯೋಗಾಲಯ ಇವಕ್ಕೆ ವರ್ಷವರ್ಷವೂ ಹಣ ಬೇಕು. ಸರ್ಕಾರಗಳು ಯಾವುದನ್ನು ಮೊದಲು ಮಾಡಿವೆ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಮುಂದೆ ಏನಾಗುತ್ತದೆಂಬುದನ್ನೂ ಅವಳಿಗೆ ಮೊದಲೇ ತಿಳಿಸಿ. ಎರಡು ತಿಂಗಳೊಳಗೆ ತನಿಖೆ ಮುಗಿಯಬೇಕು, 90 ದಿನದೊಳಗೆ ಪ್ರಗತಿಯನ್ನು ಅವಳಿಗೆ ತಿಳಿಸಬೇಕು ಎಂದು ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಮೇಲೆ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕೆಂದೂ ಸಂಹಿತೆಯಲ್ಲಿದೆ, ಆದರೆ ಅದನ್ನು ನಂಬಿ ಮದುವೆ, ಕೆಲಸ ಯಾವುದನ್ನೂ ಮುಂದೂಡಬೇಡಿ; ವರ್ಷಗಳೇ ಹಿಡಿಯುತ್ತವೆ. ವಿಚಾರಣೆ ಆಂಧ್ರದ ನ್ಯಾಯಾಲಯದಲ್ಲಿ ನಡೆಯುತ್ತದೆ. ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ತೆಲುಗು ಮನೆಮಾತಿನಷ್ಟೇ ಸಲೀಸು, ಆದರೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ತೆಲುಗಿನ ಅಕ್ಷರ ಬಾರದು. ಆ ಕಡೆಯ ಪೊಲೀಸರು ತೆಲುಗಿನಲ್ಲಿ ಬರೆದುಕೊಂಡ ಯಾವ ಕಾಗದಕ್ಕೂ ಪೂರ್ತಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು.

ಕೊನೆಯದಾಗಿ ನಿಮ್ಮ ವಿಷಯ. ಐದನೇ ದಿನ ಅವಳು ಮೊದಲು ಬಾಯಿಬಿಟ್ಟದ್ದು ನಿಮ್ಮ ಮುಂದೆ. ಆದ್ದರಿಂದ ಈ ಮೊಕದ್ದಮೆಯಲ್ಲಿ ನೀವೂ ಸಾಕ್ಷಿ. ಮನೆ ಭೇಟಿಯ ಡೈರಿಯಲ್ಲಿ ಆ ದಿನದ ಪುಟದಲ್ಲಿ ಏನಾದರೂ ಬರೆದಿದ್ದೀರಾ ನೋಡಿ. ‘ತಲೆನೋವು, ಊಟ ಬಿಟ್ಟಿದ್ದಾಳೆ’ ಎಂದಷ್ಟೇ ಬರೆದಿದ್ದರೂ ಸರಿ, ಆ ಪುಟಕ್ಕೆ ಈಗ ಒಂದಕ್ಷರವನ್ನೂ ಸೇರಿಸಬೇಡಿ, ತಿದ್ದಬೇಡಿ. ಅವಳು ಹೇಳಿದ ಮಾತುಗಳು ನೆನಪಿರುವಂತೆಯೇ ಬೇರೊಂದು ಹಾಳೆಯಲ್ಲಿ ಇವತ್ತಿನ ದಿನಾಂಕ ಹಾಕಿ ಬರೆದಿಡಿ. ಠಾಣೆಗೆ ಹೋಗುವಾಗ ಡೈರಿಯನ್ನೂ ಆ ಹಾಳೆಯನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ. ಕೇಳಿದರೆ ತೋರಿಸಿ, ವಶಕ್ಕೆ ತೆಗೆದುಕೊಂಡರೆ ರಸೀದಿ ಪಡೆಯಿರಿ.